ಮಂತ್ರಿಯ ಜೇಬಿನ ಬೋಣಿ

ಪ್ರೀತಿಯ ತುರ್ಕಪ್ಪನವರಿಗೆ,

ಅಂಬಾತೊದಿಂದ ರುಫಿನಾಳ ನಮಸ್ಕಾರ. ಇಲ್ಲಿಂದ ನಿಮ್ಮಲ್ಲಿಗೆ ಹೊರಟಿರುವ ನಿಮ್ಮ ಅಣ್ಣನ ಮಗಳು ವಿದಾದ್ ಈ ಕಾಗದವನ್ನು ನಿಮ್ಮ ಕೈಗಿಡುವ ಹೊತ್ತಿಗೆ ಒಂದು ಕೆಲಸ ಮುಗಿದುಹೋಗಿರುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳು ನಿಮ್ಮ ಮೇಜಿನ ಮುಂದೆ ನಿಂತು ಒಂದು ರೀಲು ದಾರ ಕೇಳಿದ್ದಾಳೆ. ಚೌಕಾಸಿ ಮಾಡಿದ್ದಾಳೆ, ನಿಮ್ಮ ಕಿವಿ ಕೆಂಪಗಾಗುವವರೆಗೂ ಬಿಡಬೇಡ ಅಂತ ನಾನೇ ಹೇಳಿಕೊಟ್ಟಿದ್ದೆ. ದುಡ್ಡು ನಿಮ್ಮ ಕೈಗೆ ಹಾಕಿದ ಮೇಲಷ್ಟೇ ಕಾಗದ ಹೊರಗೆ ತೆಗೆದಿದ್ದಾಳೆ. ಅದು ನಿಮ್ಮ ಇವತ್ತಿನ ಬೋಣಿ. ಕೊಂಡವಳು ಅವಳಲ್ಲ, ನಾನು. ಬೋಣಿ ಗಿರಾಕಿಯನ್ನು ಬರಿಗೈಲಿ ಕಳಿಸಬಾರದು ಅಂತ ಮೂವತ್ತು ವರ್ಷ ಈ ಬೀದಿಗೆಲ್ಲ ಪಾಠ ಹೇಳಿದವರು ನೀವು. ಈಗ ಒಪ್ಪಿಸುವ ಸರದಿಯೂ ನಿಮ್ಮದೇ.

ಇಷ್ಟೆಲ್ಲ ನಾಟಕ ಯಾಕೆ ಅಂದರೆ ನೇರ ದಾರಿಯನ್ನು ನೀವೇ ಮುಚ್ಚಿದ್ದೀರಿ. ಹೋದ ವರ್ಷ ನಾನು ಕಳಿಸಿದ ನೂರೈವತ್ತು ಡಾಲರ್ ನೀವು ಬಿಡಿಸಿಕೊಳ್ಳದೆ ನಿಮ್ಮೂರಿನ ಹಣ ರವಾನೆ ಕೌಂಟರಿನಲ್ಲಿ ಮೂವತ್ತು ದಿನ ಕೂತು, ಬೇಜಾರಾಗಿ ವಾಪಸ್ ಬಂತು. ಫೋನು ಮಾಡಿದರೆ ನೀವು ಹೇಳುವುದು ಒಂದೇ ಮಾತು: "ಎಲ್ಲಾ ಚೆನ್ನಾಗಿದೆ ಮಗಾ, ಕರೆಂಟೊಂದು ಬಿಟ್ಟು." ಹೋದ ಸಲ ನಿಮ್ಮಲ್ಲಿಗೆ ಬಂದುಹೋದ ವಿದಾದ್ ಮಾತ್ರ ಬೇರೆ ಹೇಳಿದಳು. ಬೈರೂತಿನ ಬ್ಯಾಂಕಿನಲ್ಲಿ ನಿಮ್ಮ ದುಡ್ಡಿದೆ, ಕಾಗದದ ಮೇಲೆ ಮಾತ್ರ. ರೊಟ್ಟಿ ಅಂಗಡಿ ಮುಂದೆ ಸಾಲು. ಎದೆಯ ಮಾತ್ರೆಯನ್ನು ಅಡುಗೆಮನೆ ಚಾಕುವಿನಿಂದ ಅರ್ಧ ಮಾಡಿ, ಆ ಅರ್ಧವನ್ನೂ ದಿನ ಬಿಟ್ಟು ದಿನ ನುಂಗುತ್ತೀರಿ. ಇದರ ಮೇಲೆ ಎಂಬತ್ತಮೂರನೇ ವಯಸ್ಸಿನಲ್ಲಿ ಮನೆ ಮುಂದೆ ಒಂದು ಮೇಜು ಹಾಕಿ, ಪೆಟ್ಟಿಗೆಯಲ್ಲಿ ಉಳಿದಿದ್ದ ದಾರ, ಸೂಜಿ, ಗುಂಡಿ ಹರಡಿಕೊಂಡು ಕೂತಿದ್ದೀರಿ. "ಜನಕ್ಕೆ ರೊಟ್ಟಿಗೇ ಇಲ್ಲ, ಗುಂಡಿ ಯಾರು ತಗೋತಾರೆ?" ಅಂದಳು ಅವಳು. ಅವಳಿಗೆ ಅದು ಅಳುವ ಸುದ್ದಿ. ನನಗೆ ಮಾತ್ರ ಅಲ್ಲೇ ಬಾಗಿಲು ಕಂಡಿತು. ಭಿಕ್ಷೆ ಬೇಡ ಅನ್ನುವ ಮನುಷ್ಯ ಬೋಣಿ ಬೇಡ ಅನ್ನಲಾರ.

ಹೋದ ತಿಂಗಳು ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಅಂಗಡಿಗೆ ಬಂದಿದ್ದಳು. ಈ ಊರಿನ ಅರಬ್ ಮನೆತನಗಳ ಆರ್ಥಿಕ ಸ್ಥಿತಿ, ನಮ್ಮ ಸಲಸಾಕಾ ನೇಕಾರರ ಆರ್ಥಿಕ ಸ್ಥಿತಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಫಾರಂ ಅವಳ ಕೈಲಿತ್ತು. ನಿಮ್ಮವರ ಕಾಲಂ ಅಂಗಡಿ, ಗೋದಾಮು, ಡಾಕ್ಟರು, ವಕೀಲರು ಎಂದು ತುಂಬಿ ತುಳುಕುತ್ತಿತ್ತು. ನಮ್ಮದರಲ್ಲಿ ಮಗ್ಗ, ಕುರಿ, ಜೋಳದ ತುಂಡು ಹೊಲ. ಸುಳ್ಳಲ್ಲ, ಆದ್ದರಿಂದ ಜಗಳಕ್ಕೆ ಹೋಗಲಿಲ್ಲ. ನಿಮ್ಮ ಅಜ್ಜ ತುರ್ಕರ ಸರ್ಕಾರದ ಕಾಗದ ಹಿಡಿದು, ಬೆನ್ನ ಮೇಲೆ ಬಟ್ಟೆ ಗಂಟು ಹೊತ್ತು ಹಡಗಿಳಿದರಂತೆ. ನನ್ನ ಅಜ್ಜನೂ ಬೆನ್ನ ಮೇಲೆ ಶಾಲಿನ ಗಂಟು ಹೊತ್ತೇ ಬೆಟ್ಟ ಇಳಿದವನು. ಗಂಟು ಎರಡೂ ಒಂದೇ ತೂಕ. ನಿಮ್ಮ ಅಜ್ಜನಿಗೆ ಬಂದರಿನಲ್ಲಿ ಒಬ್ಬ ದಾಯಾದಿ ಸಿಕ್ಕಿ ತಿಂಗಳ ಗಡುವಿನ ಮೇಲೆ ಸರಕು ಕೊಟ್ಟ. ನನ್ನ ಅಜ್ಜನಿಗೆ ಸಂತೆಯಲ್ಲಿ ಪೊಲೀಸಿನವನು ಸಿಕ್ಕಿ ಎದ್ದು ಹೋಗು ಅಂದ. ವ್ಯತ್ಯಾಸ ಅಲ್ಲಿಂದ ಶುರು ಅಂದೆ. ಹುಡುಗಿ ಅದನ್ನು ಬರೆದುಕೊಂಡಳು. "ಅವರ ಮೇಲೆ ಹೊಟ್ಟೆಕಿಚ್ಚಿಲ್ವಾ ಅಕ್ಕಾ?" ಅಂತ ಕೇಳಿದಳು. ಬಾಗಿಲಲ್ಲಿ ನಿಂತ ನಮ್ಮ ಗೊಂಬೆ ಮಂತ್ರಿಯನ್ನು ತೋರಿಸಿ, ಇವನ ಜೇಬಿನ ಕಥೆಗೆ ನಿನ್ನ ಫಾರಂನಲ್ಲಿ ಕಾಲಂ ಇದೆಯಾ ಅಂದೆ. ಇರಲಿಲ್ಲ. ಆ ಕಥೆಯನ್ನು ನಿಮಗೂ ಪೂರ್ತಿ ಹೇಳಿಲ್ಲ. ಈಗ ಹೇಳುತ್ತೇನೆ.

ಅವ್ವ ನಿಮ್ಮ ಅಂಗಡಿ ಮೆಟ್ಟಿಲ ಕೆಳಗೆ ಶಾಲು, ಸೊಂಟಪಟ್ಟಿ ಹರಡಿದ ಮೊದಲ ದಿನ ನನಗಿನ್ನೂ ನೆನಪಿದೆ. ಬೀದಿಯ ಬೇರೆ ಅಂಗಡಿಯವರು ನಮ್ಮಂಥವರು ಕೂತರೆ ಬಾಗಿಲು ತೊಳೆಯುವ ನೆಪದಲ್ಲಿ ನೀರು ಎರಚುತ್ತಿದ್ದರು. ನೀವು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು ಫುಟ್‌ಪಾತಿನ ಮೇಲೆ ಗೆರೆ ಎಳೆದಿರಿ. "ಇಲ್ಲೀತನಕ ನಿಮ್ದು ನೆರೆಯಮ್ಮಾ. ಇದು ದಾಟಿದ್ರೆ ಬಾಡಿಗೆ" ಅಂದಿರಿ. ಅವ್ವ ಗೆರೆ ನೋಡಿದಳು, ನಿಮ್ಮನ್ನು ನೋಡಿದಳು. "ಸರಿ ತುರ್ಕಪ್ಪಾ. ನಿಮ್ಮ ಗಿರಾಕಿ ನನ್ನ ಶಾಲು ತುಳಿದ್ರೆ ಅದಕ್ಕೂ ಬಾಡಿಗೆ" ಅಂದಳು. ಆ ದಿನದಿಂದ ಇಬ್ಬರದೂ ಇದೇ ಕಥೆ. ನೀವು ತುರ್ಕರಲ್ಲ, ಆದರೂ ಊರು ನಿಮ್ಮನ್ನು ತುರ್ಕ ಅನ್ನುತ್ತಿತ್ತು. ನಾವು ಇಂಡಿಯಾದ ಮುಖ ಕಂಡವರಲ್ಲ, ಆದರೂ ನಮ್ಮನ್ನು ಇಂಡಿಯನ್ನರು ಅನ್ನುತ್ತಿತ್ತು. ತಪ್ಪು ವಿಳಾಸದ ಎರಡು ಕಾಗದಗಳು ಒಂದೇ ಬಾಗಿಲಲ್ಲಿ ಬಿದ್ದಿದ್ದವು, ಅಷ್ಟೇ.

ಕೂಗುವುದರಲ್ಲೂ ಇಬ್ಬರಿಗೂ ಪೈಪೋಟಿ. "ಕೊಂಡ್ರೆ ಶಾಲು, ಬಿಟ್ರೆ ಚಳಿ ಪಾಲು" ಅಂತ ಅವ್ವ ಕೆಳಗಿಂದ ಕೂಗಿದರೆ, "ಮುಟ್ಟಿ ನೋಡಿ, ಕಟ್ಟಿ ನೋಡಿ, ಆಮೇಲೆ ಬೇಕಾದ್ರೆ ಬಿಟ್ಟು ನೋಡಿ" ಅಂತ ನೀವು ಮೇಲಿಂದ. ನನ್ನ ಪ್ರಾಸದ ಚಟ ಕಾಲೇಜಿನಲ್ಲಿ ಬಂದದ್ದಲ್ಲ, ಆ ಮೂರು ಮೆಟ್ಟಿಲಲ್ಲಿ ಬಂದದ್ದು. ಕೊಸರು ಅಂದರೆ ಏನೆಂದು ನಿಮಗೆ ಕಲಿಸಿದವಳೂ ಅವ್ವನೇ. ಕೊಂಡ ಮೇಲೂ ಇನ್ನೊಂದು ಚೂರು ಕೊಡಿ ಅಂತ ಕೈಚಾಚುವ ಈ ದೇಶದ ಅಭ್ಯಾಸ, ಆಗಷ್ಟೇ ನಿಮ್ಮೂರಿನಿಂದ ಬಂದಿದ್ದ ನಿಮಗೆ ಮೊದಲು ಕಳ್ಳತನದಂತೆ ಕಂಡಿತ್ತಂತೆ. ಆಮೇಲೆ ಹೇಗೆ ಒಗ್ಗಿದಿರಿ ಅಂದರೆ, ಒಂದು ಮೊಳ ಲೇಸು ಕೊಂಡವಳಿಗೂ ಒಂದು ಗುಂಡಿ ಕೊಸರು ಹಾಕದೆ ಕಳಿಸುತ್ತಿರಲಿಲ್ಲ.

ಬಾಗಿಲಲ್ಲಿ ಕೋಟು ತೊಟ್ಟು ನಿಂತಿದ್ದ ಮರದ ಗೊಂಬೆ ನಿಮ್ಮ ಅಂಗಡಿಯ ಗುರುತು. ತಲೆ ಇಲ್ಲದ್ದರಿಂದ ಅವ್ವ ಅದಕ್ಕೆ ಮಂತ್ರಿ ಅಂತ ಹೆಸರಿಟ್ಟಳು. ದಿನದ ಮೊದಲ ವ್ಯಾಪಾರದ ನೋಟನ್ನು ನೀವು ಹಣೆಗೆ ಒತ್ತಿ, ಮಂತ್ರಿಯ ಎದೆಜೇಬಿನಲ್ಲಿ ತುದಿ ಕಾಣುವ ಹಾಗೆ ಸಿಕ್ಕಿಸುತ್ತಿದ್ದಿರಿ. ಅಂಗಡಿ ಮುಚ್ಚುವತನಕ ಅದು ಅಲ್ಲೇ. ಬೋಣಿ ಆಯಿತೋ ಇಲ್ಲವೋ ಎಂದು ತಿಳಿಯಲು ಯಾರೂ ನಿಮ್ಮನ್ನು ಕೇಳಬೇಕಾಗಿರಲಿಲ್ಲ. ಹತ್ತಿರ ಹೋಗಿ ಮಂತ್ರಿಯ ಎದೆ ನೋಡಿದರೆ ಸಾಕಿತ್ತು.

ಆಮೇಲೆ ತೊಂಬತ್ತೊಂಬತ್ತನೇ ಇಸವಿ ಬಂತು. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಬ್ಯಾಂಕುಗಳು ಬಾಗಿಲೇ ತೆರೆಯಲಿಲ್ಲ. ತೆರೆದಾಗ ದುಡ್ಡು ಒಳಗೆ, ಜನ ಹೊರಗೆ. ನಿಮ್ಮ ಇಪ್ಪತ್ತು ವರ್ಷದ ಉಳಿತಾಯ ಅಲ್ಲೇ ಹೆಪ್ಪುಗಟ್ಟಿತು. ಗಲಾಪಗೋಸ್ ದ್ವೀಪದಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದ ಅಪ್ಪ ಕಳಿಸಿದ್ದೂ ಅಲ್ಲೇ ಸಿಕ್ಕಿಬಿತ್ತು. ಅಪ್ಪನದು ಎರಡು ತಿಂಗಳ ಕೂಲಿ, ಅವ್ವನ ಉಳಿತಾಯ ಮಾತ್ರ ಹನ್ನೊಂದು ಕುರಿ ಮತ್ತು ಒಲೆ ಪಕ್ಕದಲ್ಲಿ ಊಟಕ್ಕೆಂದು ಸಾಕಿದ ಗಿನಿ ಪಿಗ್ಗುಗಳು. "ಇಷ್ಟು ತಿಳಿದೋರು ಬ್ಯಾಂಕಿಗೆ ಯಾಕಪ್ಪಾ ಹಾಕಿದ್ರಿ, ಗಿನಿ ಪಿಗ್ಗಿಗೆ ಹಾಕ್ಬಾರ್ದಿತ್ತಾ? ಅದು ಮರಿನಾದ್ರೂ ಹಾಕೋದು" ಅಂದಳು ಅವ್ವ. ನೀವು ನಕ್ಕಿರಿ. ಅವಳು ಮನೆಗೆ ಹೋಗಿ, ಅಂಥ ಮನುಷ್ಯ ನಕ್ಕನಲ್ಲ ಎಂದು ಅತ್ತಳು. ಸೂಕ್ರೆ ನೋಟಿನ ಬೆಲೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಊರಿಗೆ ಚಳಿ ಇತ್ತು, ಶಾಲು ಕೊಳ್ಳುವ ಕೈ ಇರಲಿಲ್ಲ. ಮನೆಯಲ್ಲಿ ಮೂವರು ತಮ್ಮಂದಿರು. ಕುರಿ ಹನ್ನೊಂದಿದ್ದದ್ದು ಏಳಾಯಿತು, ಏಳು ಮೂರಾಯಿತು.

ಆ ದಿನಗಳಲ್ಲೇ ನೀವು ಹೊಸದೊಂದು ಅಭ್ಯಾಸ ಶುರುಮಾಡಿದಿರಿ. ಶಾಲು ಕೇಳಿಕೊಂಡು ಅಪರೂಪಕ್ಕೆ ಯಾರಾದರೂ ಮೆಟ್ಟಿಲು ಹತ್ತಿದರೆ, ನಿಮ್ಮ ಕಪಾಟಿನ ತುಂಬ ಶಾಲಿದ್ದರೂ, "ನಂದು ಬೋಣಿ ಆಗಿದೆ ತಾಯಿ. ಕೆಳಗೆ ಕೂತಿರೋ ನೆರೆಯಮ್ಮಂದು ಇನ್ನೂ ಆಗಿಲ್ಲ, ಅಲ್ಲಿ ತಗೊಳ್ಳಿ" ಅಂತ ಇಳಿಸಿ ಕಳಿಸುತ್ತಿದ್ದಿರಿ. ನಿಮ್ಮೂರಿನ ಪೇಟೆಯಲ್ಲಿ ಇದು ಹಳೆಯ ಪದ್ಧತಿ, ಬೋಣಿಯಾದವನು ಆಗದವನ ಕಡೆ ಕೈ ತೋರಿಸಬೇಕು ಅಂತ ಹೇಳಿದ್ದಿರಿ. ಅವ್ವನಿಗೆ ಆಶ್ಚರ್ಯ. "ಎಂಥಾ ಜನ ಇವ್ರು, ರುಫಿನಾ! ನಮ್ಮಲ್ಲಿ ಒಬ್ರ ಮನೆ ಸೂರು ಹೊದಿಸೋಕೆ ಊರೆಲ್ಲ ಬರುತ್ತೆ, ಕೂಲಿ ಕೇಳಲ್ಲ. ಇವ್ರು ಗಿರಾಕೀನೇ ಎತ್ತಿ ಕೊಡ್ತಾರಲ್ಲೇ" ಅಂದಳು. ಆ ವರ್ಷ ನಮ್ಮ ಒಲೆ ಉರಿದದ್ದು ನೀವು ಇಳಿಸಿ ಕಳಿಸಿದ ಗಿರಾಕಿಗಳಿಂದ.

ಅಕ್ಟೋಬರಿನಲ್ಲಿ ತುಂಗುರಾವಾ ಬೆಂಕಿಬೆಟ್ಟ ಎದ್ದಿತು. ದುಡ್ಡು ಬೂದಿಯಾದದ್ದು ಸಾಲದೆಂದು ಆಕಾಶದಿಂದಲೂ ಬೂದಿ. ಒಂದು ಮಧ್ಯಾಹ್ನ ಸಣ್ಣಗೆ ಸುರಿಯತೊಡಗಿದಾಗ ನೀವು ಒಳಗೆ ಬಟ್ಟೆಯ ಥಾನುಗಳನ್ನು ಮುಚ್ಚುತ್ತಿದ್ದಿರಿ. ಅವ್ವ ಓಡಿ ಬಂದು ಮಂತ್ರಿಯನ್ನು ಸೊಂಟಕ್ಕೆ ಅವುಚಿ ಎತ್ತಿ ಒಳಗಿಟ್ಟಳು. ಅವಳ ಕೆನ್ನೆ ಅವನ ಎದೆಗೆ ತಾಗಿತ್ತು. ಜೇಬು ಖಾಲಿ. ಅಂದು ನೀವು ಆಗಲೇ ಮೂರು ಜನರನ್ನು ನಮ್ಮ ಕಡೆ ಕಳಿಸಿದ್ದಿರಿ, ಮೂರು ಸಲವೂ ನಂದು ಬೋಣಿ ಆಗಿದೆ ಅಂದಿದ್ದಿರಿ. ಅವ್ವ ಕೋಟಿನ ಮೇಲಿನ ಬೂದಿ ಒರೆಸಿ ಬಂದು ಕೂತಳು.

ಮರುದಿನ ಬೆಳಿಗ್ಗೆ ಗೆರೆಯೊಳಗೆ ಶಾಲು ಹರಡುವ ಮೊದಲೇ ನನ್ನ ಕೈಗೆ ಒಂದು ನೋಟು ಕೊಟ್ಟಳು. "ಹೋಗಿ ಒಂದು ರೀಲು ದಾರ ತಗೊಂಡು ಬಾ" ಅಂದಳು. ಯಾವ ಬಣ್ಣ ಅಂದೆ. "ಯಾವುದಾದ್ರೂ. ಚೌಕಾಸಿ ಮಾಡು ಮತ್ತೆ. ಕೇಳಿದಷ್ಟು ಕೊಟ್ಟುಬಿಟ್ರೆ ಅದು ದಾನ ಆಗುತ್ತೆ, ಅವ್ರಿಗೆ ಗೊತ್ತಾಗುತ್ತೆ." ನಾನು ಇಪ್ಪತ್ತಮೂರರ ಹೆಣ್ಣು, ಕಾಲೇಜು ಮುಗಿಸಿದವಳು, ಒಂದು ರೀಲಿಗೆ ಕಾಲು ಗಂಟೆ ಜಗಳ ಆಡಿದೆ. ನೀವು ನೋಟನ್ನು ಹಣೆಗೆ ಒತ್ತಿ ಮಂತ್ರಿಯ ಜೇಬಿಗೆ ಸಿಕ್ಕಿಸಿದಿರಿ. ಕೊಸರಿಗೊಂದು ಗುಂಡಿ ಕೊಟ್ಟಿರಿ. ಅವ್ವ ಮೆಟ್ಟಿಲು ಹತ್ತಿ ಬಂದು ಜೇಬು ನೋಡಿ, ಆಮೇಲೆ ಇಳಿದು ಗಂಟು ಬಿಚ್ಚಿದಳು.

ಹೀಗೆ ದಿನಾ. ಎರಡನೇ ವಾರಕ್ಕೆ ನಿಮಗೆ ತಡೆಯಲಾಗಲಿಲ್ಲ: "ಇಷ್ಟು ದಾರ ಏನ್ ಮಾಡ್ತೀರಿ? ಬೆಟ್ಟದ ಬಾಯಿಗೆ ಹೊಲಿಗೆ ಹಾಕ್ತೀರಾ?" ಅವ್ವ ತಲೆ ಎತ್ತದೆ ಅಂದಳು, "ಹೌದು, ಆಮೇಲೆ ನಿಮ್ಮ ಬಾಯಿಗೆ."

ತುರ್ಕಪ್ಪಾ, ನಾವು ಉಣ್ಣೆ ನೇಯುವವರು. ಕಳ್ಳಿಗಿಡದ ಹುಳದಿಂದ ಬಣ್ಣ ತೆಗೆದು, ಕೈಯಲ್ಲಿ ನೂತು, ಮಗ್ಗಕ್ಕೆ ಹಾಕುವವರು. ಹೊಲಿಗೆ ಯಂತ್ರದ ಹತ್ತಿ ದಾರ ನಮಗೆ ಏನಕ್ಕೂ ಬಾರದು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವೇ ಇರಲಿಲ್ಲ. ಅಲ್ಲಿ ಇಲ್ಲಿ ಸೇರಿ ನಲವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿದ ನಿಮಗೆ ಅದು ಗೊತ್ತಿರಲಿಲ್ಲವೇ? ನಿಮಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳ ಬೋಣಿಗೆ ನೀವು ಸುಳ್ಳು ಹೇಳಿದಿರಿ, ನಿಮ್ಮ ಬೋಣಿಗೆ ಅವಳು ಸುಳ್ಳು ಕೊಂಡಳು. ಸರ್ಕಾರದ ನೋಟು ಸತ್ತು ಡಾಲರ್ ಬರುವತನಕ ಈ ಬೀದಿಯಲ್ಲಿ ಬೆಲೆ ಇಳಿಯದೆ ಚಲಾವಣೆಯಲ್ಲಿ ಇದ್ದದ್ದು ಆ ಎರಡು ಸುಳ್ಳುಗಳೇ. ಇಬ್ಬರೂ ಕೊನೆತನಕ ಬಾಯಿ ಬಿಡಲಿಲ್ಲ. ಐದು ವರ್ಷದ ಹಿಂದೆ ಅವ್ವ ಹೋದ ಮೇಲೆ ಅವಳ ಪೆಟ್ಟಿಗೆ ತೆಗೆದೆ. ತೊಂಬತ್ತಾರು ರೀಲು, ತೊಂಬತ್ತಾರು ಗುಂಡಿ. ಒಂದೂ ಬಿಚ್ಚಿಲ್ಲ, ಒಂದೂ ಹೊಲಿದಿಲ್ಲ.

ನೀವು ಕಟ್ಟಡ ಮಾರಿ ಊರಿಗೆ ಹೊರಟಾಗ, ಮುಂದಿನ ಕೋಣೆ ರುಫಿನಾಗೇ ಬಾಡಿಗೆಗೆ ಕೊಡಬೇಕು ಅಂತ ಕೊಂಡವರಿಂದ ಮಾತು ತೆಗೆದುಕೊಂಡಿರಿ. ಮಂತ್ರಿಯನ್ನೂ ಬಿಟ್ಟುಹೋದಿರಿ. ಅವನಿಗೀಗ ನಮ್ಮ ಕಪ್ಪು ಪೊಂಚೋ ತೊಡಿಸಿದ್ದೇನೆ, ಅದಕ್ಕೊಂದು ಜೇಬು ಹೊಲಿಸಿದ್ದೇನೆ. ಈ ವರ್ಷ ಜೂನಿನಲ್ಲಿ ದೇಶವೆಲ್ಲ ನಡೆದ ಮುಷ್ಕರದಲ್ಲಿ ಹದಿನೆಂಟು ದಿನ ಆ ಜೇಬು ಖಾಲಿಯಿತ್ತು. ಹತ್ತೊಂಬತ್ತನೇ ದಿನ ನನ್ನದು ಬೋಣಿಯಾಗುತ್ತಲೇ ಎದುರಿನ ಅಂಗಡಿಯವಳ ಕಡೆ ಗಿರಾಕಿಯನ್ನು ಕಳಿಸಿದೆ. ಅವಳೂ ಕಲಿತಿದ್ದಾಳೆ. ಈಗ ಈ ಬೀದಿಯಲ್ಲಿ ಇದು ತುರ್ಕರ ಪದ್ಧತಿಯಲ್ಲ, ನಮ್ಮ ಪದ್ಧತಿ. ಫಾರಂ ಹಿಡಿದು ಬಂದ ಹುಡುಗಿಗೆ ನಾನು ಕೊನೆಗೆ ಹೇಳಿದ್ದು ಇಷ್ಟೇ: ಅವರ ಹತ್ತಿರ ಏನಿತ್ತು, ನಮ್ಮ ಹತ್ತಿರ ಏನಿರಲಿಲ್ಲ ಅಂತ ನೀನು ಲೆಕ್ಕ ಹಾಕು, ಹಾಕಬೇಕಾದ್ದೇ. ಇಬ್ಬರ ಹತ್ತಿರವೂ ಏನೂ ಇಲ್ಲದ ವರ್ಷ ಯಾರು ಹೇಗೆ ನಡೆದುಕೊಂಡರು ಅಂತಲೂ ಒಂದು ಸಾಲು ಬರೆದುಕೋ.

ಒಬ್ಬನೇ ಮನುಷ್ಯನಿಗೆ ಎರಡು ಖಂಡದಲ್ಲಿ ಎರಡು ಸಲ ಬ್ಯಾಂಕು ಬಾಗಿಲು ಹಾಕಬಾರದಿತ್ತು. ಅವ್ವ ಇದ್ದಿದ್ದರೆ ಗಿನಿ ಪಿಗ್ಗಿನ ಮಾತು ಮತ್ತೆ ತೆಗೆದು, ಮನೆಗೆ ಹೋಗಿ ಮತ್ತೆ ಅಳುತ್ತಿದ್ದಳು.

ಈಗ ವ್ಯಾಪಾರದ ಮಾತಿಗೆ ಬರುತ್ತೇನೆ. ನಿಮ್ಮ ಮೇಜಿನ ಮೇಲೆ ನೀವು ಹೇಳಿದ ಬೆಲೆಗೋ, ವಿದಾದ್ ಇಳಿಸಿದ ಬೆಲೆಗೋ ಒಂದು ರೀಲು ಮಾರಾಟವಾಗಿದೆ. ದುಡ್ಡು ನಿಮ್ಮ ಲೀರಾದಲ್ಲೇ ಸಂದಿದೆ, ದಾನದ ಒಂದು ಕಾಸೂ ಅದರಲ್ಲಿಲ್ಲ. ಗಿರಾಕಿಗೆ ಸಲ್ಲಬೇಕಾದ್ದು ಒಂದು ಬಾಕಿಯಿದೆ: ಕೊಸರು. ನೀವು ಯಾವತ್ತೂ ಯಾರಿಗೂ ಇಲ್ಲ ಅಂದವರಲ್ಲ. ನನಗೆ ಗುಂಡಿ ಬೇಡ, ತೊಂಬತ್ತಾರಿವೆ. ವಿದಾದಳ ಚೀಲದಲ್ಲಿ ಅವ್ವ ನೇಯ್ದ ಸೊಂಟಪಟ್ಟಿಯಿಂದ ಕಟ್ಟಿದ ಒಂದು ಡಬ್ಬಿಯಿದೆ. ಒಳಗೆ ನಿಮ್ಮ ಎದೆಯ ಮಾತ್ರೆಗಳು, ಒಂದು ವರ್ಷಕ್ಕಾಗುವಷ್ಟು. ದಿನಾ ಒಂದು ನುಂಗಬೇಕು, ಪೂರ್ತಿ ಒಂದು. ಚಾಕು ಅಡುಗೆಮನೆಯಲ್ಲೇ ಇರಲಿ. ನಾನು ಕೇಳುವ ಕೊಸರು ಅದೇ. ಡಬ್ಬಿ ಮುಗಿಯುವ ಹೊತ್ತಿಗೆ ಇನ್ನೊಂದು ರೀಲು ಕೊಳ್ಳಲು ಯಾರನ್ನಾದರೂ ಕಳಿಸುತ್ತೇನೆ. ದಾರ ನನಗೆ ತುಂಬ ಬೇಕಾಗಿದೆ. ಯಾಕೆ ಅಂತ ಕೇಳಬೇಡಿ, ನೀವೂ ಅವ್ವನನ್ನು ಆ ಒಂದು ಸಲ ಬಿಟ್ಟರೆ ಮತ್ತೆ ಕೇಳಲಿಲ್ಲ.

ನಿಮ್ಮ ಮೇಜಿಗೆ ದಿನವೂ ಒಬ್ಬರಾದರೂ ಮೊದಲಿಗರು ಬರಲಿ. ರೊಟ್ಟಿ ಬಿಸಿಯಾಗಿರಲಿ, ಎದೆ ಹಗುರಾಗಿರಲಿ, ಆ ದೇವರು ನಿಮ್ಮ ಆಯಸ್ಸಿನ ವಿಷಯದಲ್ಲಿ ಚೌಕಾಸಿ ಮಾಡದಿರಲಿ.

ಸೀಮೆಸುಣ್ಣದ ಗೆರೆಯ ಆಚೆಯಿಂದ,
ನಿಮ್ಮ ಬೋಣಿ ಗಿರಾಕಿ,
ರುಫಿನಾ ಮಸಾಕಿಸಾ
ಅಂಬಾತೊ, ಆಗಸ್ಟ್ ೨೦೨೨