ಬಾಲ ಬಿಟ್ಟ ಕಲ್ಲು

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಗುಬ್ಬಿಗೆ,

ಹೇಗಿದ್ದೀಯೇ? ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡಿದ್ದೆಯಲ್ಲ, ಬೊಬ್ಬೆ ಒಣಗಿತೇ? ಇಪ್ಪತ್ತೆರಡು ಜನರಿಗೆ ಬಡಿಸಿ ನೀನು ಮಾತ್ರ ನಿಂತುಕೊಂಡೇ ತಿನ್ನುವ ಚಾಳಿ ಬಿಡು. ನಿನ್ನ ಅಜ್ಜ ಆರಾಮಾಗಿದ್ದಾರೆ. ಬೀದಿಯವರ ಕೆಟ್ಟ ಗಡಿಯಾರಗಳನ್ನೆಲ್ಲ ಊಟದ ಮೇಜಿನ ಮೇಲೆ ಹರವಿಕೊಂಡಿದ್ದಾರೆ. ನಮ್ಮ ಗೋಡೆಯದು ಮಾತ್ರ ಇನ್ನೂ ಹತ್ತು ನಿಮಿಷ ಹಿಂದೆ.

ಈಗ ಸುದ್ದಿ. ನೀನು ಹೊರಡುವ ಮುಂಚೆ ಕಂಪ್ಯೂಟರಿನಲ್ಲಿ ಹಾಕಿಕೊಟ್ಟ ಆಕಾಶದ ಚಿತ್ರಗಳನ್ನು ದಿನಾ ನೋಡುತ್ತಿದ್ದೇನೆ. ಕ್ಷುದ್ರಗ್ರಹಕ್ಕೆ ಬಾಲ ಕಂಡರೆ ತಿಳಿಸಿ ಎಂದು ವೀಕ್ಷಣಾಲಯದವರು ಎಲ್ಲರನ್ನೂ ಕೇಳಿದ್ದಾರಲ್ಲ. ಮೂವತ್ತೊಂದು ವರ್ಷ ಗಿರಣಿಯಲ್ಲಿ ದೀಪದ ಗಾಜಿನ ಮೇಲೆ ಬಟ್ಟೆ ಎಳೆದೆಳೆದು ಕಡಿದ ಎಳೆ, ಎಣ್ಣೆ ಕಲೆ ಹುಡುಕಿದವಳಿಗೆ ಇದೇನೂ ದೊಡ್ಡ ಕೆಲಸವಲ್ಲ. ನಾಲ್ಕು ಸಾವಿರ ಚಿತ್ರ ನೋಡಿದೆ. ಎಲ್ಲವೂ ಸಾಸಿವೆ ಕಾಳಿನಂಥ ಚುಕ್ಕಿಗಳೇ. ಹೋದ ತಿಂಗಳ ಕೊನೆಯಲ್ಲಿ ಒಂದು ಚುಕ್ಕಿಯ ಪಕ್ಕ ಬೆರಳಿನಿಂದ ಸವರಿದ ಹಾಗೆ ಮಸುಕು ಕಂಡಿತು.

"ಕನ್ನಡಕ ಒರೆಸ್ಕೊಳ್ಳೇ" ಎಂದರು ಅಜ್ಜ. ಒರೆಸಿದೆ. ಪರದೆಯನ್ನೂ ಒರೆಸಿದೆ. ಮಸುಕು ಅಲ್ಲೇ ಇತ್ತು. ಅವರೂ ಬಗ್ಗಿ ನೋಡಿ, "ನಂಗೇನೂ ಕಾಣಲ್ಲಪ್ಪ" ಎಂದು ಸ್ಕ್ರೂ ಹುಡುಕಲು ಹೋದರು. ನಾನು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣಿಗೆ ಬಾಲ ಇತ್ತು, ಎಡಗಣ್ಣಿಗೆ ಇರಲಿಲ್ಲ. ಕಲೆ ಇರುವುದು ಆಕಾಶದಲ್ಲೋ ನನ್ನ ಕಣ್ಣಲ್ಲೋ? ಹಿಂದೊಮ್ಮೆ ಚೊಕ್ಕ ಬಟ್ಟೆಗೆ ಕಲೆ ಇದೆಯೆಂದು ಚೀಟಿ ಹಚ್ಚಿ ಮೇಸ್ತ್ರಿಯಿಂದ ಮಾತು ಕೇಳಿದ್ದೆ. ಆ ಅವಮಾನ ಇನ್ನೂ ಮರೆತಿಲ್ಲ. ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ, ಆದದ್ದಾಗಲಿ ಎಂದು 'ಬಾಲ ಇದೆ' ಎಂಬ ಗುಂಡಿ ಒತ್ತಿಬಿಟ್ಟೆ.

ಮೊನ್ನೆ ಗುರುವಾರ ವೀಕ್ಷಣಾಲಯದ ಹುಡುಗಿಯೊಬ್ಬಳು ಫೋನು ಮಾಡಿದಳು. ದೊಡ್ಡ ದೂರದರ್ಶಕದಲ್ಲಿ ಮತ್ತೆ ನೋಡಿದರಂತೆ. ಬಾಲ ನಿಜವಂತೆ, ಆ ಕಲ್ಲಿನಿಂದ ಎದ್ದ ಧೂಳಂತೆ! ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ. ಅಲ್ಲಿದ್ದ ಗಡಿಯಾರದ ಚಕ್ರವೊಂದು ಸೆರಗಿಗೆ ಅಂಟಿಕೊಂಡಿತು, ಅದು ಬೇರೆ ರಾಮಾಯಣ. "ಯಾರಮ್ಮ ಗುದ್ದಿದ್ದು ಅದಕ್ಕೆ?" ಎಂದು ಕೇಳಿದೆ. "ಯಾರೂ ಗುದ್ದಿಲ್ಲ ಅನ್ಸುತ್ತೆ ಅಜ್ಜಿ. ಅದು ಒಂದೇ ಬಂಡೆ ಅಲ್ಲ, ಜಲ್ಲಿಕಲ್ಲಿನ ರಾಶಿ. ಬಿಸಿಲು ಲಕ್ಷಾಂತರ ವರ್ಷ ಚೂರುಚೂರೇ ತಳ್ಳಿ ಅದರ ತಿರುಗಾಟ ಜೋರಾಗಿದೆ. ಈಗ ಎರಡು ಗಂಟೆಗೊಂದು ಸುತ್ತು. ತನ್ನನ್ನ ತಾನೇ ಹಿಡಿದಿಟ್ಕೊಳ್ಳೋಕೆ ಆಗ್ತಿಲ್ಲ, ಧೂಳು ಕಳಚಿ ಹೋಗ್ತಿದೆ" ಎಂದಳು. ಪೂರ್ತಿ ಒಡೆದುಹೋಗುತ್ತದೆಯೇ ಎಂದರೆ, "ಒಡೀಬಹುದು. ಇಷ್ಟು ಉದುರಿಸಿ ಸುಧಾರಿಸ್ಕೊಳ್ಳಲೂಬಹುದು. ಕಾದು ನೋಡ್ಬೇಕು" ಎಂದಳು.

ಬಿಸಿಲಿಗೆ ಅಷ್ಟು ಶಕ್ತಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ ಗುಬ್ಬಿ. ಯಾರ ಕಣ್ಣಿಗೂ ಬೀಳದೆ ಆ ಕಲ್ಲು ಅಷ್ಟು ಕಾಲ ತಳ್ಳಿಸಿಕೊಂಡೇ ಇತ್ತಲ್ಲ ಪಾಪ ಎಂದು ಆ ದಿನವೆಲ್ಲ ಅದೇ ಯೋಚನೆ. ಫೋನು ಇಡುವ ಮುಂಚೆ ಅವಳಿಗೆ ಎಡಗಣ್ಣಿನ ವಿಷಯ ಹೇಳಿಬಿಟ್ಟೆ. ಅವಳು ನಗಲಿಲ್ಲ. "ಕಲೆ ಆಕಾಶದ್ದೇ ಅಜ್ಜಿ. ಆದ್ರೆ ಆ ಕಣ್ಣು ತೋರಿಸ್ಕೊಳ್ಳಿ" ಎಂದಳು. ಅಜ್ಜ ಮಾತ್ರ, "ನನ್ನ ಹೆಂಡ್ತಿ ಕಲ್ಲಿಗೆ ಬಾಲ ಹಚ್ಚಿದ್ಲು" ಎಂದು ಬೀದಿಯಲ್ಲೆಲ್ಲ ಸಾರಿಕೊಂಡು ಬಂದರು.

ನೀರು ಕಾಯಿಸಿ ಕುಡಿ. ನಿನ್ನ ಹಡಗು ತಣ್ಣಗೆ ದಡ ಸೇರಲಿ, ನೂರು ಕಾಲ ಬಾಳು ಕಂದಾ.

ನಿನ್ನ
ಅಜ್ಜಿ

ತಾ.ಕ.: ಇದನ್ನು ಬರೆಯಲು ಮರೆತಿರಲಿಲ್ಲ, ಕೈ ಬರಲಿಲ್ಲ. ನಿನ್ನೆ ಕಣ್ಣು ತೋರಿಸಿ ಬಂದೆ. ಎಡಗಣ್ಣಿನ ಪೊರೆ ಗಟ್ಟಿಯಾಗಿದೆಯಂತೆ, ಇಪ್ಪತ್ತಾರಕ್ಕೆ ಆಪರೇಷನ್. ಅಜ್ಜನಿಗೆ ಹೇಳಿಲ್ಲ. ನಿನ್ನ ಅಮ್ಮನನ್ನು ಕಳೆದುಕೊಂಡ ಮೇಲೆ ಅವರು ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ, ನಿನಗೇ ಗೊತ್ತು. ಬಂದರು ಸೇರಿದ ಕೂಡಲೇ ಫೋನು ಮಾಡಿ ಅವರಿಗೆ ನೀನೇ ಹೇಳು. ನಿನ್ನ ಮಾತು ತೆಗೆದುಹಾಕುವುದಿಲ್ಲ. ನನ್ನ ಜೊತೆ ಬರಲಿ ಅನ್ನು. ಒಬ್ಬಳೇ ಹೋಗಲು ನನಗೂ ಭಯವೇ ಕಣೇ.