ಕಾರ್ಡಿನಲ್ಲಿ ಎರಡು ಮನೆಗಳ ಹೆಸರು

ಆಂಗ್ ಮೋ ಕಿಯೋ, ಸಿಂಗಾಪುರ
9 ಮಾರ್ಚ್ 2025

ಪ್ರೀತಿಯ ಮೋನಪ್ಪಣ್ಣ,

ಒಂದು ಮಾತನ್ನು ಬರೆಯದೆಯೇ ಈ ಪತ್ರ ಮುಗಿಸುವವಳಿದ್ದೆ. ಅದನ್ನೇ ಮೊದಲು ಬರೆಯುತ್ತೇನೆ. ನಮ್ಮ ಅಮಿತಾಳನ್ನು ಮದುವೆಯಾಗುವ ಎಲೈಜಾ ಕಪ್ಪು ಜನಾಂಗದ ಹುಡುಗ. ಫೋನಿನಲ್ಲಿ ಅಮೆರಿಕದವನು ಎಂದಷ್ಟೇ ಹೇಳಿ ನಿಲ್ಲಿಸಿದ್ದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಿ. ನಿಮ್ಮ ಮಂಡಿನೋವು ಹೇಗಿದೆ? ಅತ್ತಿಗೆ ಕಳಿಸಿದ ಹಪ್ಪಳ ಬಂದ ವಾರದಲ್ಲೇ ಖಾಲಿ. ಕಾರಣ, ಹುಡುಗನ ಅಜ್ಜಿ ಓಪಲ್. ಎಂಬತ್ತಾರರ ವಯಸ್ಸಿನಲ್ಲಿ ದೊಡ್ಡ ನೇರಳೆ ಟೋಪಿ ಹಾಕಿಕೊಂಡು ವಿಮಾನ ಇಳಿದವರು ಈಗ ನಮ್ಮ ಮನೆಯಲ್ಲೇ ಇದ್ದಾರೆ. ಬೆಳಿಗ್ಗೆ ನಮ್ಮ ಕಟ್ಟಡದ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಚೀನೀ ಮುದುಕರನ್ನು ಚೆಕರ್ಸ್‌ನಲ್ಲಿ ಸೋಲಿಸಿ, ಮೇಲೆ ಬಂದು ಇಲ್ಲಿಯವರ ಹಾಗೇ "ಟೈರ್ಡ್ ಲಾ" ಅನ್ನುತ್ತಾರೆ. ಕೋರಿರೊಟ್ಟಿಯನ್ನು ಗರಿಗರಿಯಾಗಿ ತಿನ್ನಬೇಕೋ, ಕೋಳಿಸಾರಿನಲ್ಲಿ ನೆನೆಸಬೇಕೋ ಎಂದು ಅವರಿಗೂ ನಮ್ಮ ಯಜಮಾನ ದೀಪೇಶರಿಗೂ ದೊಡ್ಡ ಜಗಳ. "ನಿನ್ನ ಅಣ್ಣ ಯಾರ ಪಾರ್ಟಿ?" ಎಂದು ನನ್ನನ್ನು ಕೇಳಿದರು. ನೆನೆಸುವ ಪಾರ್ಟಿ ಎಂದೆ. "ಹಾಗಾದರೆ ಒಳ್ಳೆಯವನೇ" ಎಂದರು.

ಮದುವೆ ಕಾರ್ಡಿನ ಕರಡು ಮಾಡುವಾಗ ನಮ್ಮವರು ಊರಿನ ಅಭ್ಯಾಸದಂತೆ ಕೇಳಿಯೇಬಿಟ್ಟರು. "ಆಂಟಿ, ನಿಮ್ಮ ಮೂಲಮನೆ ಎಲ್ಲಿ? ಕಾರ್ಡ್‌ನಲ್ಲಿ ಪ್ರಿಂಟ್ ಮಾಡ್ಬೇಕು."

"ಅಪ್ಪಾ, ಪ್ಲೀಸ್!" ಎಂದಳು ಅಮಿತಾ. ಯಾರ ಪೂರ್ವಜರನ್ನು ಗುಲಾಮರಾಗಿ ಹೊತ್ತೊಯ್ದರೋ ಆ ಕುಟುಂಬಕ್ಕೆ ಕೇಳುವ ಪ್ರಶ್ನೆಯೇ ಅದು? ನನಗೂ ಎದ್ದು ಅಡುಗೆಮನೆಗೆ ಓಡಿಹೋಗುವಂತಾಯಿತು.

ಓಪಲ್ ಮಾತ್ರ ನಕ್ಕರು. "ಇದೆಯಲ್ಲ, ಸ್ವೀಟ್ ಜೋರ್ಡನ್!" ಗುಲಾಮಗಿರಿ ಮುಗಿದ ಮೇಲೆ ಅವರ ಹಿರಿಯರು ಜವುಗು ಒಣಗಿಸಿ ಕಟ್ಟಿಕೊಂಡ ಊರಂತೆ. ಶಾಲೆ, ಚರ್ಚು, ಮರ ಕೊಯ್ಯುವ ಮಿಲ್ಲು, ಒಂದು ಬ್ಯಾಂಡೂ ಇತ್ತು. ಅವರ ಮಿಲ್ಲು ಚೆನ್ನಾಗಿ ನಡೆಯುತ್ತಿತ್ತು, ಅವರು ವೋಟು ಹಾಕಲು ಹೊರಟಿದ್ದರು. ಅದಕ್ಕೇ ಪಕ್ಕದ ಊರಿನ ಬಿಳಿಯರು ಬಂದೂಕು, ಸೀಮೆಎಣ್ಣೆ ಹಿಡಿದು ಬಂದರು. ಅದೇ ಮಿಲ್ಲಿನ ಹಲಗೆಯಿಂದ ಮನೆ ಕಟ್ಟಿಕೊಂಡವರೂ ಆ ಗುಂಪಿನಲ್ಲಿದ್ದರು. ಆಗ ಓಪಲರ ತಾಯಿ ಆರು ವರ್ಷದವರು. ಅವರನ್ನು ಹೆಗಲ ಮೇಲೆ ಕೂರಿಸಿ ಜವುಗು ದಾಟಿಸಿದ್ದು ಅವರ ಸೋದರಮಾವ. ಉಳಿದವರನ್ನು ಕರೆತರಲು ತಿರುಗಿ ಹೋದವನು ಮತ್ತೆ ಬರಲಿಲ್ಲ. ಯಾರಿಗೂ ಶಿಕ್ಷೆಯಾಗಲಿಲ್ಲ. ಈಗ ಅಲ್ಲಿ ಬರೀ ಪೈನ್ ಮರಗಳಂತೆ.

ದೀಪೇಶ್ ಪೆನ್ನು ಕೆಳಗಿಟ್ಟರು. "ಸಾರಿ ಆಂಟಿ. ಆ ಲೈನ್ ಬಿಟ್ಬಿಡೋಣ."

"ಯಾಕೆ ಬಿಡ್ತೀಯ? ಸುಟ್ಟವರು ಅಂದ್ಕೊಂಡ ಹಾಗೇ ಆಗ್ಬೇಕಾ? ದಪ್ಪ ಅಕ್ಷರದಲ್ಲಿ ಹಾಕು!"

ಹಾಗೆ ಈಗ ಕಾರ್ಡಿನಲ್ಲಿ ನಮ್ಮ ಮೂಲಮನೆ ಬಡಗುಮನೆಯ ಪಕ್ಕದಲ್ಲೇ ಸ್ವೀಟ್ ಜೋರ್ಡನ್ ಇದೆ. ನಿಮ್ಮಲ್ಲಿ ಹುಡುಗಿಯನ್ನು ಮಂಟಪಕ್ಕೆ ಯಾರು ಕರೆತರುತ್ತಾರೆ ಎಂದು ಓಪಲ್ ವಿಚಾರಿಸಿದರು. ಸೋದರಮಾವ ಎಂದೆ. ನನ್ನ ಕೈ ತಟ್ಟಿ, "ಸರಿಯಾದ ಮನುಷ್ಯನನ್ನೇ ಇಟ್ಟಿದ್ದೀರಿ" ಎಂದರು.

ಬಡಗುಮನೆಯ ದೈವಗಳು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ ತಂಗಿ,
ಸ್ವರ್ಣಲತಾ

ತಾ.ಕ.: ಹೋದ ತಿಂಗಳು ನೀವು ಫೋನಿನಲ್ಲಿ "ಅಮೆರಿಕದವನಾ? ಅಡ್ಡಿಲ್ಲ ಮಾರಾಯ್ತಿ, ಕರಿಯ ಅಲ್ಲದಿದ್ರೆ ಆಯ್ತು" ಎಂದು ನಕ್ಕಾಗ ಸ್ಪೀಕರ್ ಆನ್ ಇತ್ತು. ಅಮಿತಾ ಪಕ್ಕದಲ್ಲೇ ಕೂತಿದ್ದಳು. ಅವಳೂ ನಕ್ಕಳು. ಆಮೇಲೆ, "ಅಮ್ಮ, ಮಂಟಪಕ್ಕೆ ನೀನೇ ಕರ್ಕೊಂಡು ಹೋಗು, ಮಾವ ಬೇಡ" ಎಂದಳು. ನಿಮ್ಮ ಹೆಗಲ ಮೇಲೆ ಕೂತು ಮೊದಲ ಸಲ ಕಡಲು ನೋಡಿದವಳು, ಅಣ್ಣ.

ನಾನಿನ್ನೂ ಹೂಂ ಅಂದಿಲ್ಲ. ಕಾರ್ಡು ಪ್ರಿಂಟಿಗೆ ಹೋಗುವುದು ಮುಂದಿನ ತಿಂಗಳು ಬಿಸು ಹಬ್ಬ ಕಳೆದ ಮೇಲೆ. ನಿಮ್ಮ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಇದನ್ನು ಓದಿದ ಮೇಲೆ ಫೋನ್ ಮಾಡುವುದಾದರೆ ನನಗಲ್ಲ, ಅವಳಿಗೆ ಮಾಡಿ.

ಅಂಚೆಗೆ ಹಾಕುವುದು ನಾಳೆಯೇ: ಸೋಮವಾರ, 10 ಮಾರ್ಚ್ 2025.