ಚಿಕ್ಕಪ್ಪನ ಪ್ರೋಗ್ರಾಂ, ಹೊಸ ಚಿಪ್

ಮಾರ್ಚ್ ೧೧, ರಾತ್ರಿ

ಶ್ರೀಮನ್ಮಹಾರಾಜಾಧಿರಾಜ ನೂತನ ಪ್ರೊಸೆಸರ್ ಪ್ರಭುಗಳೇ, ತಮಗೆ ನನ್ನ ಧಿಕ್ಕಾರ!

ತೀರಿಹೋದ ಚಿಕ್ಕಪ್ಪ, ಚಿಕ್ಕಮ್ಮನ ಹೊಲಿಗೆ ಅಂಗಡಿಗೆಂದು ಬರೆದಿದ್ದ ಅಳತೆಯ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ಓಡಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ದಿನಾ ತೆರೆದೊಡನೆ ಅದು ಚಿಕ್ಕಪ್ಪನ ಧಾಟಿಯಲ್ಲೇ ಚಿಕ್ಕಮ್ಮನನ್ನು "ಬಂದ್ಯಾ ಮಹಾರಾಣಿ?" ಎಂದು ಪರದೆಯ ಮೇಲೆ ಕೇಳುತ್ತಿತ್ತು.

"ಹಳೇ ಚಿಪ್‌ನ ಭಾಷೆ ಹೊಸದಕ್ಕೆ ಬರಲ್ಲ ಚಿಕ್ಕಮ್ಮ, ಅದರ ಕಾಲ ಮುಗೀತು," ಎಂದು ನಾನು ಎದೆಯ ಮೇಲೆ ಕೈಯಿಟ್ಟು ಶೋಕಭಾಷಣ ಬಿಗಿದೆ.

"ಸುಮ್ನಿರೋ ಪಂಡಿತ. ಅವರು ಇನ್ನೊಂದ್ಸಲ ಹೋದ್ರು, ಅಷ್ಟೇ," ಎಂದು ಅವಳು ಟೇಪು ಹಿಡಿದು ಹಾಳೆಯ ಮೇಲೆ ಗೀಟು ಎಳೆಯತೊಡಗಿದಳು. ಆ ಮಾತು ಇನ್ನೂ ಕಿವಿ ಬಿಟ್ಟು ಹೋಗಿಲ್ಲ.

ಬೆಳಿಗ್ಗೆ ಆ ಕಂಪ್ಯೂಟರ್, "ಹಳೆಯ ಪ್ರೋಗ್ರಾಂಗಳನ್ನು ನಡೆಸಲು ಅನುವಾದಕ ಹಾಕಲೇ?" ಎಂದು ಕೇಳಿತ್ತು. ನಾನು ಗತ್ತಿನಲ್ಲಿ "ಬೇಡ" ಒತ್ತಿದ್ದೆ. ಮಧ್ಯಾಹ್ನವೇ ನೆನಪಾಯಿತು. ಅಷ್ಟರಲ್ಲಿ ಭಾಷಣ ಮುಗಿದಿತ್ತಲ್ಲ, ಬಾಯಿ ಬಿಡಲಿಲ್ಲ.